ಖಾಲಿ ಗಾಡಿ ಏಕೆ ನಡುಗುತ್ತದೆ?

ಗಾಡಿ ಮಾತು: ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಮಳೆಗಾಲ ಮುಗಿಯಿತು ಅಂದರೆ ನನ್ನ ಗ್ಯಾರೇಜಿಗೆ ಒಂದೇ ಜಾತಿಯ ಗಾಡಿಗಳು ಬರುತ್ತವೆ. ಅಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ, ಎಲ್ಲೋ ಒಂದು ಕಡೆ ಕೀಂಯ್ ಕೀಂಯ್ ಅನ್ನುವ ಪಿಕಪ್‌ಗಳು. ಪತ್ರಗಳೂ ಹಾಗೆಯೇ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೊಪೆಲ್ಲರ್ ಶಾಫ್ಟಿನವು. ಹಾಗಾಗಿ ಬ್ಯಾಟರಿ, ಎ.ಸಿ. ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಬೇಜಾರು ಮಾಡಬೇಡಿ.

ಗಾಡಿಯ ಅಡಿಗೆ ಇಣುಕದವರಿಗೆ ಮೊದಲು ಎರಡು ಮಾತು. ಪಿಕಪ್‌ನ ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಎರಡು ಚಕ್ರದ ನಡುವಿನ ಗೇರುಗಳ ಪೆಟ್ಟಿಗೆಗೆ, ಹೋಗುವ ಉದ್ದದ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ನಮ್ಮಲ್ಲಿ ಬರೀ ಶಾಫ್ಟ್ ಅನ್ನುತ್ತಾರೆ. ಹೊಂಡಕ್ಕೆ ಬಿದ್ದಾಗ ಹೌಸಿಂಗ್ ಮೇಲೆ ಕೆಳಗೆ ಆಡುತ್ತದೆ, ಗೇರ್‌ಬಾಕ್ಸ್ ಆಡುವುದಿಲ್ಲ. ಅದಕ್ಕೇ ಶಾಫ್ಟಿನ ತುದಿಗಳಲ್ಲಿ ಮಡಚಲು ಕ್ರಾಸ್, ಅಂದರೆ ಕೂಡಿಸುವ ಗುರುತಿನ ಹಾಗೆ ನಾಲ್ಕು ಕೈ ಇರುವ ಜಾಯಿಂಟ್, ಇಟ್ಟಿದ್ದಾರೆ. ಉದ್ದ ಕುಗ್ಗಿ ಹಿಗ್ಗಲು ಹಲ್ಲಿನ ಸ್ಲೀವ್ ಇಟ್ಟಿದ್ದಾರೆ. ಉದ್ದದ ಗಾಡಿಯಲ್ಲಿ ಶಾಫ್ಟ್ ಎರಡು ತುಂಡು. ನಡುವಿನ ಸೆಂಟರ್ ಬೇರಿಂಗ್ ರಬ್ಬರಿನ ಬಳೆಯೊಳಗೆ ಕೂತು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ತೂಗಿಕೊಂಡಿರುತ್ತದೆ. ಸಾಮಾನು ಇಷ್ಟೇ. ಇಷ್ಟರಲ್ಲೇ ಜನ ಸಾವಿರಾರು ರೂಪಾಯಿ ಸುಮ್ನೆ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಅಣ್ಣ, ನನ್ನದು ನಾಲ್ಕು ವರ್ಷದ ಪಿಕಪ್. ಕೆಂಪುಕಲ್ಲಿನ ಬಾಡಿಗೆ. ಎರಡು ತಿಂಗಳಿಂದ 50 ದಾಟಿದ ಕೂಡಲೇ ಕಾಲಡಿಯಲ್ಲಿ ಜುಂಯ್ ಅಂತ ನಡುಕ. ಎರಡು ಕ್ರಾಸ್ ಬದಲಾಯಿಸಿದೆ. ಸೆಂಟರ್ ಬೇರಿಂಗ್ ಹೊಸತು ಹಾಕಿಸಿದೆ. ಟಯರ್ ಬ್ಯಾಲೆನ್ಸ್ ಮಾಡಿಸಿದೆ. ಏನೂ ವ್ಯತ್ಯಾಸ ಇಲ್ಲ. ವಿಚಿತ್ರ ಅಂದರೆ, ಕಲ್ಲು ಹೇರಿದರೆ ನಡುಕ ಇಲ್ಲ. ಖಾಲಿ ವಾಪಸು ಬರುವಾಗ ಮಾತ್ರ. ಈಗ ಹೌಸಿಂಗ್ ಬಿಚ್ಚಿ ನೋಡಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲೇ? (ಲೋಡಿಗೆ ಹಿಂದೆ ಕುಗ್ಗುತ್ತದೆ ಅಂತ ಓಣಂಗೆ ಮೊದಲು ಸ್ಪ್ರಿಂಗಿಗೆ ಎರಡೆರಡು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.)
— ಪಿಕಪ್ ಮಾಲಿಕರು, ಪೈವಳಿಕೆ

ಉತ್ತರ: ಬಿಚ್ಚಿಸಬೇಡಿ. ಉತ್ತರವನ್ನು ನೀವೇ ಬರೆದು ಕಂಸದೊಳಗೆ ಹಾಕಿ ಮುಚ್ಚಿಟ್ಟಿದ್ದೀರಿ.

ಸವೆದ ಕ್ರಾಸ್, ಹಾಳಾದ ಬೇರಿಂಗ್ ಇವೆಲ್ಲ ಲೋಡ್ ಬಿದ್ದಾಗ ಜಾಸ್ತಿ ಗಲಾಟೆ ಮಾಡುತ್ತವೆ. ನಿಮ್ಮದು ತಿರುಗಾಮುರುಗಾ. ಲೋಡ್ ಬಿದ್ದರೆ ಸುಮ್ಮನಾಗುತ್ತದೆ. ಅಂದರೆ ಸಾಮಾನು ಕೆಟ್ಟಿಲ್ಲ, ಸಾಮಾನು ಕೂತ ಓರೆ ಕೆಟ್ಟಿದೆ. ಪ್ಲೇಟ್ ಹಾಕಿದ್ದರಿಂದ ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ನಿಂತಿತು. ಚಾಸಿ ಮೇಲೆ ಹೋಯಿತು, ಹೌಸಿಂಗ್ ಕೆಳಗೇ ಉಳಿಯಿತು. ನಡುವಿನ ಶಾಫ್ಟ್ ಮೊದಲಿಗಿಂತ ಜಾಸ್ತಿ ಇಳಿಜಾರಾಯಿತು. ಕಲ್ಲು ಹೇರಿದಾಗ ಪ್ಲೇಟ್ ಬಾಗಿ ಎಲ್ಲ ಹಳೇ ಜಾಗಕ್ಕೆ ಬರುತ್ತದೆ. ನಡುಕ ಮಾಯ.

ಓರೆಯಾದರೆ ಯಾಕೆ ನಡುಗಬೇಕು? ಕ್ರಾಸಿನ ಗುಣ ಅದು. ಅದು ನೇರ ಇದ್ದಾಗ ಈ ಕಡೆ ತಿರುಗಿದಷ್ಟೇ ಆ ಕಡೆಯೂ ತಿರುಗುತ್ತದೆ. ಓರೆಯಾದರೆ ಹಾಗಲ್ಲ. ಈ ಕಡೆ ಒಂದೇ ಸಮ ತಿರುಗಿಸಿದರೂ ಆ ಕಡೆ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. 10 ಡಿಗ್ರಿ ಓರೆಗೆ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟು. 20 ಡಿಗ್ರಿಗೆ ನೂರಕ್ಕೆ 6. ಓರೆ ಎರಡು ಪಟ್ಟಾದರೆ ತೊಂದರೆ ನಾಲ್ಕು ಪಟ್ಟು, ನೋಡಿ. ಇದನ್ನು ಸರಿದೂಗಿಸಲಿಕ್ಕೇ ಇನ್ನೊಂದು ತುದಿಯಲ್ಲಿ ಇನ್ನೊಂದು ಕ್ರಾಸ್ ಇರುವುದು. ಮೊದಲಿನದು ಏರಿಸಿದ್ದನ್ನು ಎರಡನೆಯದು ಇಳಿಸುತ್ತದೆ. ಆದರೆ ಎರಡೂ ಕಡೆಯ ಓರೆ ಸಮ ಇದ್ದರೆ ಮಾತ್ರ. ಸಮ ಇದ್ದರೂ ನಡುವಿನ ಕೊಳವೆಗೆ ಆ ಕುಲುಕು ತಪ್ಪಿದ್ದಲ್ಲ, ಹಾಗಾಗಿ ಓರೆ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇಂಥ ಜಾಯಿಂಟಿಗೆ ಹುಕ್ ಜಾಯಿಂಟ್ ಅಂತಲೂ ಹೆಸರಿದೆ. 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಿನದು. ಶಾಲೆಯಲ್ಲಿ ಸ್ಪ್ರಿಂಗಿನ ಪಾಠದಲ್ಲಿ ಬರುತ್ತಾನಲ್ಲ, ಅದೇ ಹುಕ್. ಸ್ಪ್ರಿಂಗಿಗೂ ಕ್ರಾಸಿಗೂ ಸಂಬಂಧ ಇರಲಿಕ್ಕಿಲ್ಲ ಅಂದಿರಿ. ಅವನು ಕೇಳಿದ್ದರೆ ನಗುತ್ತಿದ್ದ.

ಈಗ ಕೆಲಸದ ಮಾತು. ಸಪಾಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ. ನಿಮ್ಮ ಫೋನಿನಲ್ಲಿ ಓರೆ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜ್ (ಶಾಫ್ಟಿಗೆ ಬೋಲ್ಟ್ ಹಾಕುವ ಚಪ್ಪಟೆ ಬಿಲ್ಲೆ), ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಹೌಸಿಂಗಿನ ಪಿನಿಯನ್ (ಶಾಫ್ಟ್ ತಿರುಗಿಸುವ ಸಣ್ಣ ಗೇರ್) ಫ್ಲ್ಯಾಂಜ್, ಈ ನಾಲ್ಕೂ ಕಡೆ ಫೋನ್ ತಾಗಿಸಿ ಡಿಗ್ರಿ ಬರೆದುಕೊಳ್ಳಿ. ಫೋನಿನ ಕವರ್ ತೆಗೆದು ಅಳೆಯಿರಿ, ಕವರಿನ ಅಂಚು ಸುಳ್ಳು ಹೇಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಇರುವ ವ್ಯತ್ಯಾಸವೇ ನಡುವಿನ ಕ್ರಾಸಿನ ಓರೆ. ಮತ್ತೆ ಒಂದು ಲೋಡ್ ಹೇರಿ ಅದೇ ನಾಲ್ಕು ಅಳತೆ. ಲೋಡ್ ಗಾಡಿಯ ಲೆಕ್ಕವೇ ನಿಮ್ಮ ಗಾಡಿಗೆ ಹಿತವಾದದ್ದು. ಖಾಲಿಯದು ಅದರಿಂದ ಎಷ್ಟು ದೂರ ಹೋಗಿದೆ ಅಂತ ಕಾಣುತ್ತದೆ.

ಪರಿಹಾರ ನನ್ನನ್ನು ಕೇಳಿದರೆ, ಹಾಕಿದ ಎರಡರಲ್ಲಿ ಒಂದೊಂದು ಪ್ಲೇಟ್ ತೆಗೆಸಿ. ಕೆಲವರು ಹೌಸಿಂಗಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಬೆಣೆ ಕೊಟ್ಟು ಪಿನಿಯನ್ ಮೂತಿ ತಿರುಗಿಸುತ್ತಾರೆ. ಕೆಲವರು ಸೆಂಟರ್ ಬೇರಿಂಗಿನ ಬ್ರಾಕೆಟ್‌ಗೆ ವಾಷರ್ ಕೊಟ್ಟು ಕೆಳಗಿಳಿಸುತ್ತಾರೆ. ಎರಡೂ ತಪ್ಪಲ್ಲ, ಅಳೆದು ಮಾಡಿದರೆ. ಅಳೆಯದೆ ಬೆಣೆ ತಿರುಗಾಮುರುಗಾ ಹೊಡೆದ ಗಾಡಿಯನ್ನೂ ನೋಡಿದ್ದೇನೆ. ಖಾಲಿಯಲ್ಲೂ ನಡುಕ, ಲೋಡಲ್ಲೂ ನಡುಕ. ಪ್ಲೇಟ್ ಹಾಕಿಸಿದ ಮೇಲೆ ಸ್ಪ್ರಿಂಗನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿದ್ದೀರಾ? ಹೊಸ ಪ್ಲೇಟ್ ಕೂತ ಮೇಲೆ ಅವು ಸಡಿಲವಾಗುತ್ತವೆ. ಅದನ್ನೂ ನೋಡಿಸಿ. ಇನ್ನು ಗಾಡಿಯ ಪುಸ್ತಕದಲ್ಲಿ ಬರೆದ ಭಾರಕ್ಕಿಂತ ಜಾಸ್ತಿ ಕಲ್ಲು ಹೇರುವ ಬಗ್ಗೆ ನಾನು ಹೇಳುವುದಿಲ್ಲ. ನೀವು ಕೇಳಿಲ್ಲ, ಹೇಳಿದರೂ ಕೇಳುವುದಿಲ್ಲ.

ಇದೇ ನಡುಕ ಬೇರೆಯವರಿಗೂ ಇರುತ್ತದೆ. ಆದರೆ ಪ್ಲೇಟ್ ಹಾಕಿಸಿರುವುದಿಲ್ಲ. ಅವರಿಗೆ ಒಂದು ಲೆಕ್ಕ ಕೊಡುತ್ತೇನೆ. ಪಿಕಪ್‌ನ ಟಯರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 60ರ ವೇಗದಲ್ಲಿ ನಿಮಿಷಕ್ಕೆ 1,000 ಮೀಟರ್. ಅಂದರೆ ಟಯರ್ ನಿಮಿಷಕ್ಕೆ 450 ಚಿಲ್ಲರೆ ಸುತ್ತು, ಸೆಕೆಂಡಿಗೆ ಏಳೆಂಟು. ಶಾಫ್ಟ್ ಟಯರಿಗಿಂತ ನಾಲ್ಕು ಪಟ್ಟು ಆಸುಪಾಸು ಜೋರಾಗಿ ತಿರುಗುತ್ತದೆ. ಸೆಕೆಂಡಿಗೆ 30 ಸುತ್ತು. ಓರೆಯ ನಡುಕ ಸುತ್ತಿಗೆ ಎರಡು ಸಲ, ಅಂದರೆ 60. ಯಕ್ಷಗಾನ ನೋಡುವ ನಮ್ಮ ಕುಂಬಳೆ ಸೀಮೆಯವರಿಗೆ ಇದನ್ನು ಬೇರೆ ಥರ ಹೇಳಬಹುದು. ಸ್ಟೀರಿಂಗ್, ಸೀಟು ಎಲ್ಲ ಎಣಿಸಬಹುದಾದ ಹಾಗೆ ಕುಣಿದರೆ ಅದು ಮದ್ದಳೆಯ ಪೆಟ್ಟು, ಟಯರಿನದು. ಎಣಿಸಲಾಗದೆ ಕಾಲಡಿಯಲ್ಲಿ ಜುಂಯ್ ಅಂತ ಹರಿದರೆ ಚೆಂಡೆಯ ಉರುಳಿಕೆ, ಶಾಫ್ಟಿನದು.

ಇನ್ನೊಂದು ಪರೀಕ್ಷೆ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ಕ್ಲಚ್ ತುಳಿಯಿರಿ. ಎಂಜಿನ್ ಐಡಲಿಗೆ ಬರಲಿ. ನಡುಕ ನಿಂತರೆ ಎಂಜಿನ್, ಅದರ ಮೌಂಟಿಂಗ್, ಕ್ಲಚ್ ಕಡೆ ನೋಡಿ. ಹಾಗೇ ಮುಂದುವರಿದರೆ ಶಾಫ್ಟ್ ಅಥವಾ ಚಕ್ರ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಮೊದಲು ಕ್ರಾಸ್ ತೆಗೆದುಕೊಂಡು ಆಮೇಲೆ ಈ ಪರೀಕ್ಷೆ ಮಾಡುವವರೇ ಜಾಸ್ತಿ.

ಪ್ರಶ್ನೆ: ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಟಕ್. ರಿವರ್ಸ್ ಹಾಕಿದರೆ ಮತ್ತೂ ಜೋರಾಗಿ ಟಕ್. ಓಡುವಾಗ ಏನೂ ಇಲ್ಲ. ಕೆಲವರು ಕ್ರಾಸ್ ಅನ್ನುತ್ತಾರೆ, ಕೆಲವರು ಹೌಸಿಂಗಿನ ಒಳಗಿನ ಕ್ರೌನ್ ಪಿನಿಯನ್ ಗೇರ್ ಅನ್ನುತ್ತಾರೆ.
— ಅಡಿಕೆ ವ್ಯಾಪಾರಿ, ಅಡೂರು

ಉತ್ತರ: ಹೊರಗೆ ನಿಂತು ಕೇಳಿ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ನಿಮ್ಮ ಕೈಗೇ ಗೊತ್ತಾಗುತ್ತದೆ.

ಸಪಾಟು ಜಾಗದಲ್ಲಿ ನಿಲ್ಲಿಸಿ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್. ಚಾವಿ ತೆಗೆದು ಕಿಸೆಗೆ ಹಾಕಿಕೊಳ್ಳಿ. ಮನೆಯ ಮಕ್ಕಳು ಚಾವಿ ಕಂಡರೆ ತಿರುಗಿಸುತ್ತಾರೆ. ಈಗ ಅಡಿಗೆ ಹೋಗಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿ. ಆಮೇಲೆ ಮೇಲಕ್ಕೆ ಎತ್ತಿ ನೋಡಿ. ಕಣ್ಣಿಗಿಂತ ಬೆರಳು ಚುರುಕು. ಕ್ರಾಸಿನ ಕಪ್ (ಕೈಯ ತುದಿಯ ಬೇರಿಂಗಿನ ಟೊಪ್ಪಿ) ಮತ್ತು ಯೋಕಿನ (ಕ್ರಾಸನ್ನು ಹಿಡಿಯುವ ಕವಲಿನ) ಕಿವಿ ಸೇರುವಲ್ಲಿ ಬೆರಳಿಟ್ಟುಕೊಂಡು ಇನ್ನೊಂದು ಕೈಯಲ್ಲಿ ತಿರುಚಿ. ಅಲ್ಲಿ ಕೂದಲೆಳೆಯಷ್ಟು ಆಟ ಇದ್ದರೂ ಕ್ರಾಸ್ ಮುಗಿದಿದೆ. ಕ್ರಾಸಿನಲ್ಲಿ ಇಷ್ಟು ಆಟ ಇರಬಹುದು ಅನ್ನುವ ಲೆಕ್ಕ ಇಲ್ಲ. ಆಟವೇ ಇರಬಾರದು. ಕಪ್ಪಿನ ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ ಕಂಡರೆ ಒಳಗೆ ನೀರು ಹೋಗಿ ಗ್ರೀಸ್ ಸತ್ತಿದೆ ಅಂತ ಅರ್ಥ. ನಿಧಾನ ಹೋಗುವಾಗ ಹಕ್ಕಿ ಕೂಗಿದ ಹಾಗೆ ಕೀಂಯ್ ಕೀಂಯ್ ಕೇಳುವುದೂ ಇದೇ.

ಕ್ರಾಸ್ ಗಟ್ಟಿ ಇದೆಯಾ? ಸ್ಲೀವಿನ ಹಲ್ಲಿನಲ್ಲಿ ಆಟ ನೋಡಿ. ಫ್ಲ್ಯಾಂಜಿನ ನಾಲ್ಕು ಬೋಲ್ಟ್ ನೋಡಿ. ಬೋಲ್ಟ್ ಸಡಿಲ ಇದ್ದರೆ ಪರಿಹಾರ ಹತ್ತು ನಿಮಿಷದ್ದು. ಅದನ್ನೇ ನೋಡದೆ ಬಿಟ್ಟರೆ ಶಾಫ್ಟ್ ರಸ್ತೆಗೆ ಬೀಳುತ್ತದೆ. ಮುಂದಿನ ತುದಿ ಬಿದ್ದರಂತೂ ಕೋಲೂರಿ ಹಾರುವವನ ಹಾಗೆ ಗಾಡಿಯನ್ನೇ ಎತ್ತಿ ಹಾಕಬಹುದು. ಹಾಗಾಗಿ ಇದು ಬರೀ ಸದ್ದಿನ ವಿಷಯ ಅಲ್ಲ.

ಇದೆಲ್ಲ ಸರಿ ಇದ್ದು, ತಿರುಚಿದಾಗ ಹೌಸಿಂಗಿನ ಒಳಗಿಂದ ಟಿಕ್ ಅಂತ ಸ್ವಲ್ಪ ಆಟ ಬಂದರೆ ಹೆದರಬೇಡಿ. ಕ್ರೌನ್ ಮತ್ತು ಪಿನಿಯನ್ ಹಲ್ಲಿನ ನಡುವೆ ಸ್ವಲ್ಪ ಸಡಿಲ ಇರಲೇಬೇಕು. ಮೊದಲಿಗಿಂತ ಜಾಸ್ತಿಯಾಗಿದೆಯೋ, ಎಣ್ಣೆಯಲ್ಲಿ ಕಬ್ಬಿಣದ ಚೂರು ಬರುತ್ತದೆಯೋ ಅಂತ ನೋಡಿ ತೀರ್ಮಾನಿಸಿ. ಆಟ ಇದೆ ಅಂತ ಪಿನಿಯನ್ ನಟ್ ಬಿಗಿ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ನಟ್ಟು ಒಳಗಿನ ಬೇರಿಂಗಿನ ಒತ್ತಡ ನಿರ್ಧರಿಸುತ್ತದೆ. ಕುರುಡಾಗಿ ಅರ್ಧ ಸುತ್ತು ಎಳೆದರೆ ಬೇರಿಂಗ್ ಕಾದು ಹೋಗುತ್ತದೆ.

ಪ್ರಶ್ನೆ: ಅಣ್ಣ, ನಮ್ಮದು ತರಕಾರಿ ಗಾಡಿ. ನನ್ನವರು ಓಡಿಸುತ್ತಾರೆ, ಲೆಕ್ಕ ನನ್ನದು. ಎಂಟು ತಿಂಗಳಲ್ಲಿ ಹಿಂದಿನ ಕ್ರಾಸ್ ಮೂರು ಸಲ ಹೋಯಿತು. ಪ್ರತಿ ಸಲವೂ ಅದೇ ಹಿಂದಿನದು. ಈಗ ಇಡೀ ಶಾಫ್ಟ್ ಬದಲಾಯಿಸಿ ಅನ್ನುತ್ತಾರೆ. ಇದು ಮೋಸವೇ?
— ಗೃಹಿಣಿ, ಮುಳ್ಳೇರಿಯ

ಉತ್ತರ: ಅಕ್ಕ, ಒಂದೇ ಜಾಗದ ಕ್ರಾಸ್ ಮೂರು ಸಲ ಹೋದರೆ ತಪ್ಪು ಕ್ರಾಸಿನದ್ದಲ್ಲ. ಶಾಫ್ಟ್ ಬದಲಾಯಿಸಬೇಕು ಅಂದವರು ಸರಿ ಹೇಳಿರಬಹುದು. ಮೊದಲ ಸಲವೇ ಯಾಕೆ ನೋಡಲಿಲ್ಲ ಅಂತ ಮಾತ್ರ ಕೇಳಬಹುದು.

ಹಳೇ ಕ್ರಾಸ್ ಗುಜರಿಗೆ ಹಾಕಿಲ್ಲ ಅಲ್ವಾ? ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ನಾಲ್ಕೂ ಕೈ ನೋಡಿ. ಸೂಜಿ ಬೇರಿಂಗಿನ ಸೂಜಿಗಳು ಒತ್ತಿ ಗೀರು ಗೀರು ಹೊಂಡ ಬಿದ್ದಿದ್ದರೆ ತಾಳಲಾರದ ಪೆಟ್ಟು ಬಿದ್ದಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಗ್ರೀಸ್ ಇಲ್ಲದೆ ಕಾದಿದೆ. ತುಕ್ಕು ಹಿಡಿದಿದ್ದರೆ ನೀರು. ಸತ್ತ ಸಾಮಾನು ಸುಳ್ಳು ಹೇಳುವುದಿಲ್ಲ. ನಾನಂತೂ ಬಿಚ್ಚಿದ ಸಾಮಾನು ಮಾಲಿಕರ ಕೈಗೆ ಕೊಡದೆ ಬಿಲ್ ಬರೆಯುವುದಿಲ್ಲ. ನೀವೂ ಕೇಳಿ ತೆಗೆದುಕೊಳ್ಳಿ.

ಆಮೇಲೆ ಯೋಕಿನ ತೂತು. ಹೊಸ ಕಪ್ ಅದರೊಳಗೆ ಬಿಗಿಯಾಗಿ, ಒತ್ತಿಯೇ ಹೋಗಬೇಕು. ಹೆಬ್ಬೆರಳಲ್ಲಿ ತಳ್ಳಿದರೆ ಒಳಗೆ ಹೋಗುತ್ತದೆ ಅಂತಾದರೆ ತೂತು ಅಗಲವಾಗಿದೆ. ಒಂದು ಸಲ ಯಾರೋ ದೊಡ್ಡ ಸುತ್ತಿಗೆಯಲ್ಲಿ ಬಡಿದು ಕ್ರಾಸ್ ತೆಗೆದಿದ್ದರೆ ಯೋಕಿನ ಕಿವಿಯೇ ಬಾಗಿರಬಹುದು. ಆಗ ಎಷ್ಟು ಹೊಸ ಕ್ರಾಸ್ ಹಾಕಿದರೂ ಅದು ಓರೆಯಾಗಿ ಕೂತು ಬೇಗ ಸಾಯುತ್ತದೆ. ಇಡೀ ಶಾಫ್ಟ್ ಬೇಕಾಗಿಲ್ಲದಿರಬಹುದು. ಹಳೇ ಯೋಕ್ ಕೊಯ್ದು ಹೊಸ ಯೋಕ್ ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡಿ ಕೊಡುವ ಲೇತಿನವರು ಮಂಗಳೂರಲ್ಲಿ ಇದ್ದಾರೆ. ಬ್ಯಾಲೆನ್ಸ್ ಮಾಡುವ ಮಿಷನ್ ಇದೆಯಾ ಅಂತ ಮೊದಲು ಕೇಳಿ. ಬರೀ ವೆಲ್ಡಿಂಗ್ ಮಾಡಿ ಕೊಡುವ ಕಡೆ ಕೊಡಬೇಡಿ. ಕೊಳವೆಯಲ್ಲಿ ತಗ್ಗು ಬಿದ್ದಿದ್ದರೆ ಆಸೆ ಬಿಡಿ, ಹೊಸತೇ ಹಾಕಿ. ತಗ್ಗನ್ನು ಬಡಿದು ನೇರ ಮಾಡುವ ವಿದ್ಯೆ ಇಲ್ಲ.

ಕೊನೆಗೆ ಒಂದು ಮಾತು, ನಿಮ್ಮವರಿಗೆ ಓದಿ ಹೇಳಿ. ಸುಮಾರು 200 ನ್ಯೂಟನ್ ಮೀಟರಿನ ಎಂಜಿನ್ ಅಂತ ಇಟ್ಟುಕೊಳ್ಳಿ. ಫಸ್ಟ್ ಗೇರಿನಲ್ಲಿ ಅದು ಶಾಫ್ಟಿಗೆ ಬರುವಾಗ ನಾಲ್ಕು ಪಟ್ಟು, 800ರ ಹತ್ತಿರ. ತೋಟದ ಕಾಂಕ್ರೀಟ್ ಚಡಾವಿನಲ್ಲಿ ಲೋಡ್ ಗಾಡಿ ನಿಲ್ಲಿಸಿ, ಎಂಜಿನ್ ಕಿರುಚಿಸಿ, ಫಕ್ಕನೆ ಕ್ಲಚ್ ಬಿಟ್ಟರೆ ಇದಕ್ಕಿಂತಲೂ ದೊಡ್ಡ ಪೆಟ್ಟು ಆ ಬೆರಳು ಗಾತ್ರದ ಕ್ರಾಸಿಗೆ ಬೀಳುತ್ತದೆ. ಕ್ರಾಸ್ ಸೋಲುವುದು ಒಳ್ಳೆಯದೇ. ಅದು ಸೋಲದಿದ್ದರೆ ಆ ಪೆಟ್ಟು ಪಿನಿಯನ್ನಿಗೆ ಹೋಗುತ್ತದೆ, ಅದರ ಬಿಲ್ಲು ಬೇರೆ.

ಪ್ರಶ್ನೆ: ಚಿಕ್ಕಪ್ಪನ ಪಿಕಪ್‌ನ ಕ್ರಾಸ್ ನಾನೇ ಬದಲಾಯಿಸಬೇಕು ಅಂತಿದ್ದೇನೆ. ಐ.ಟಿ.ಐ. ಮುಗಿಸಿದ್ದೇನೆ. ವಿಡಿಯೋ ಬಹಳ ನೋಡಿದೆ. ವಿಡಿಯೋದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಹೇಳಿ.
— ಕುಂಬಳೆಯ ಓದುಗ

ಉತ್ತರ: ಮಾಡು ಮಾರಾಯ. ಹೀಗೆ ಕೇಳುವವರು ಕಡಿಮೆ.

ಮೊದಲು ಪ್ರಾಣದ ಮಾತು. ಶಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ. ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಕಡಿದಿದೆಯಲ್ಲ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದಲ್ಲಿದ್ದರೆ ಅದೊಂದೇ ಆಸರೆ. ಹಳೇ ಜೀಪುಗಳಲ್ಲಿ ಅದೂ ಇಲ್ಲ. ಅವುಗಳ ಹ್ಯಾಂಡ್‌ಬ್ರೇಕ್ ಡ್ರಮ್ ಗೇರ್‌ಬಾಕ್ಸಿನ ಹಿಂದೆಯೇ ಇತ್ತು. ಶಾಫ್ಟ್ ಬಿಚ್ಚಿದರೆ ಹ್ಯಾಂಡ್‌ಬ್ರೇಕೂ ಹೋಯಿತು. ಹಾಗಾಗಿ ಚಕ್ರಕ್ಕೆ ಮರದ ದಿಮ್ಮಿ ಕೊಡು. ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡ, ಸ್ಟ್ಯಾಂಡ್ ಇಟ್ಟೇ ಹೋಗು.

ಎರಡನೆಯದು ಗುರುತು. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಎರಡೂ ಕಡೆಗೆ ಸೇರುವ ಹಾಗೆ ಗೀಟು ಹಾಕು. ಸೀಮೆಸುಣ್ಣ ಕೈ ತಾಗಿದರೆ ಹೋಗುತ್ತದೆ. ಪೈಂಟ್ ಹಾಕು ಅಥವಾ ಪಂಚಿನಲ್ಲಿ ಚುಕ್ಕಿ ಹೊಡೆ. ಫ್ಲ್ಯಾಂಜಿಗೆ ಒಂದು, ಸ್ಲೀವಿಗೆ ಒಂದು. ಸ್ಲೀವಿನದು ಮರೆಯಲೇಬೇಡ. ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಒಂದು ಜೀಪಿನ ಶಾಫ್ಟ್ ಇಳಿಸಿದೆ. ಸ್ಲೀವ್ ಕಳಚಿ ತೊಳೆದು ಗ್ರೀಸ್ ಹಚ್ಚಿ ಸೇರಿಸಿದೆ. ಎಲ್ಲ ಫಳಫಳ. ಆದರೆ ಸ್ಲೀವ್ ಸೇರಿಸುವಾಗ ಎರಡು ಹಲ್ಲು ಆಚೆ ಕೂತಿತ್ತು. ಎರಡೂ ತುದಿಯ ಯೋಕಿನ ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಆಗಲೇ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಸರಿದೂಗಿಸುವುದು. ಸಾಲು ತಪ್ಪಿದರೆ ಸರಿದೂಗಿಸುವ ಬದಲು ಕುಲುಕು ಉಳಿದುಕೊಳ್ಳುತ್ತದೆ. ನನ್ನ ಆಶಾನ್, ಅಂದರೆ ಕೆಲಸ ಕಲಿಸಿದ ಗುರು, ಜೀಪು ಹತ್ತಿ ಹತ್ತು ಮಾರು ಹೋಗಿ ನಿಲ್ಲಿಸಿದರು. ಬೈಯಲಿಲ್ಲ. ನನ್ನನ್ನು ಹಿಂದೆ, ಶಾಫ್ಟಿನ ನೇರ ಮೇಲೆ, ಸೀಟಿಲ್ಲದ ತಗಡಿನ ಮೇಲೆ ಕೂರಿಸಿದರು. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗಿ ವಾಪಸು ಬಂದರು. ಇಳಿದ ಮೇಲೆ ಹಲ್ಲು ಕಚ್ಚಿ ಹಿಡಿದು ಹಿಡಿದು ದವಡೆ ನೋಯುತ್ತಿತ್ತು. ಅವರು ಕೈಗೆ ಪಂಚ್ ಕೊಟ್ಟು ಚಾ ಕುಡಿಯಲು ಹೋದರು. ಅಂದಿನಿಂದ ಗುರುತು ಹಾಕದೆ ಒಂದು ನಟ್ಟೂ ಬಿಚ್ಚಿಲ್ಲ.

ಕಪ್ ತೆಗೆಯುವಾಗ ಅದನ್ನು ಹಿಡಿದ ಲಾಕ್ ಬಳೆ ತೆಗೆದು, ಬೆಂಚ್ ವೈಸಿನಲ್ಲಿ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ಕಪ್ ಒಳಗೆ ಬೀಳುವಷ್ಟು ದೊಡ್ಡ ಸಾಕೆಟ್ ಇಟ್ಟು ಒತ್ತು. ಬಡಿಯಬೇಡ. ಹೊಸ ಕ್ರಾಸಿನ ಕಪ್ಪಿನೊಳಗೆ ಸೂಜಿಗಳು ಗೋಡೆಗೆ ನಿಂತಿರುತ್ತವೆ, ಗ್ರೀಸೇ ಅವನ್ನು ಹಿಡಿದಿಡುವುದು. ಕಪ್ ಓರೆಯಾಗಿ ಒತ್ತಿದರೆ ಒಂದು ಸೂಜಿ ಕೆಳಗೆ ಬಿದ್ದು ಅಡ್ಡ ಮಲಗುತ್ತದೆ. ಆಗ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಲಾಕ್ ತನ್ನ ಗೀರಿನಲ್ಲಿ ಕೂರುವುದಿಲ್ಲ. ವಿಡಿಯೋದವರು ಇಲ್ಲಿ ಸುತ್ತಿಗೆ ತೆಗೆಯುತ್ತಾರೆ. ನೀನು ಕಪ್ ವಾಪಸು ತೆಗೆ, ಸೂಜಿ ನಿಲ್ಲಿಸು, ಮತ್ತೆ ಮಾಡು. ಒಂದು ಕಪ್ಪಿಗೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ.

ಸೇರಿಸಿದ ಮೇಲೆ ಕ್ರಾಸ್ ಕೈಯಲ್ಲಿ ಎಲ್ಲ ಕಡೆಗೂ ಒಂದೇ ಸಮ ಮಡಚಬೇಕು. ಒಂದು ಕಡೆ ಬಿಗಿ ಅನ್ನಿಸಿದರೆ ಯೋಕಿನ ಕಿವಿಗೆ ಹಿತ್ತಾಳೆಯ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ತಟ್ಟು. ಕಪ್ ಹೊರಗೆ ಸರಿದು ಲಾಕಿಗೆ ತಾಗಿ ಕೂರುತ್ತದೆ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಗನ್ ಹಿಡಿಯಲು ಸಿಗುವ ಕಡೆಗೆ ಮುಖ ಮಾಡಿದೆಯಾ ಅಂತ ಗಾಡಿಗೆ ಹಾಕುವ ಮೊದಲೇ ನೋಡು. ಇದನ್ನು ನಾನು ಈ ವಯಸ್ಸಿನಲ್ಲೂ ಒಮ್ಮೊಮ್ಮೆ ಮರೆಯುತ್ತೇನೆ.

ಪ್ರಶ್ನೆ: ಹಿಂದಿನ ಒಂದು ಸಂಚಿಕೆಯಲ್ಲಿ ನೀವು ‘5,000 ಕಿಲೋಮೀಟರಿಗೆ ಒಮ್ಮೆ ಗ್ರೀಸ್ ಹೊಡೆದರೆ ಸಾಕು’ ಅಂದಿದ್ದಿರಿ. ನಾನು ಹಾಗೇ ಮಾಡಿದೆ. ಕ್ರಾಸ್ ತುಕ್ಕು ಹಿಡಿಯಿತು. ನಮ್ಮ ಕಲ್ಲುಕೋರೆಗೆ ಹೋಗಲು ದಿನಕ್ಕೆ ನಾಲ್ಕು ಸಲ ತೋಡು (ಹಳ್ಳ) ದಾಟಬೇಕು.
— ಪಿಕಪ್ ಚಾಲಕರು, ದೇಲಂಪಾಡಿ

ಉತ್ತರ: ತಪ್ಪು ನನ್ನದು. ಹೆದ್ದಾರಿಯ ಗಾಡಿಯ ಲೆಕ್ಕವನ್ನು ತೋಡಿನ ಗಾಡಿಗೂ ಸೇರಿಸಿ ಹೇಳಿದೆ. ನಿಮಗೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬೇಕು, ಕಿಲೋಮೀಟರ್ ಎಷ್ಟೇ ಆಗಿರಲಿ. ಶಾಫ್ಟ್ ಬಿಸಿಯಾಗಿ ಓಡಿ ಫಕ್ಕನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಹಾಗಾಗಿ ಗ್ರೀಸ್ ಬರೀ ಜಾರಲಿಕ್ಕಲ್ಲ, ನೀರು ಹೊರಹಾಕಲಿಕ್ಕೂ ಬೇಕು.

ಎಷ್ಟು ಹೊಡೆಯಬೇಕು ಅಂದರೆ, ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ. ಮೂರರಲ್ಲಿ ಬಂತು, ಒಂದರಲ್ಲಿ ಬರಲಿಲ್ಲ ಅಂದರೆ ಅದೇ ಮುಂದೆ ಸಾಯುವ ಕಪ್ಪು. ಶಾಫ್ಟನ್ನು ಕೈಯಲ್ಲಿ ಆಡಿಸುತ್ತಾ ಮತ್ತೆ ಹೊಡೆಯಿರಿ. ಆಗಲೂ ಬರಲಿಲ್ಲ ಅಂದರೆ ದಾರಿಯಲ್ಲಿ ಕೈಕೊಡುವ ಮೊದಲೇ ಬದಲಾಯಿಸಿ. ನಿಪ್ಪಲ್ ಒರೆಸಿ ಗನ್ ಇಡಿ. ಇಲ್ಲದಿದ್ದರೆ ಗ್ರೀಸಿಗೆ ಮೊದಲು ಕೋರೆಯ ಮಣ್ಣು ಒಳಗೆ ಹೋಗುತ್ತದೆ. ಕೆಲವು ಕ್ರಾಸಿಗೆ ನಿಪ್ಪಲ್ಲೇ ಇರುವುದಿಲ್ಲ. ನಿಮ್ಮಂಥವರು ಮುಂದಿನ ಸಲ ನಿಪ್ಪಲ್ ಇರುವುದನ್ನೇ ಕೇಳಿ ತನ್ನಿ.

ಚುಟುಕಾಗಿ

*ಉಪ್ಪಳದ ಓದುಗರಿಗೆ:* ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು. ಅದರಲ್ಲಿ ಈ ಉದ್ದದ ಶಾಫ್ಟ್ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಅಂದರೆ ಮುಂದಿನ ಆಕ್ಸಲ್ ಶಾಫ್ಟಿನ ಹೊರಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಸದ್ದು ಶುರುವಾಗುವ ಮೊದಲೇ ಬೂಟ್ ಬದಲಾಯಿಸಿದ್ದರೆ ಕಡಿಮೆಯಲ್ಲಿ ಮುಗಿಯುತ್ತಿತ್ತು.

*ಪೆರ್ಲದವರಿಗೆ:* ಕೆಟ್ಟ ಪಿಕಪ್ಪನ್ನು ಹಗ್ಗ ಕಟ್ಟಿ ದೂರ ಎಳೆಯುವುದಾದರೆ ಶಾಫ್ಟ್ ಬಿಚ್ಚಿಟ್ಟು ಎಳೆಯಿರಿ. ಎಂಜಿನ್ ನಿಂತಿದ್ದರೆ ಹೆಚ್ಚಿನ ಗೇರ್‌ಬಾಕ್ಸುಗಳಲ್ಲಿ ಒಳಗಿನ ಮೇಲಿನ ಶಾಫ್ಟಿಗೆ ಎಣ್ಣೆ ಎರಚುವುದಿಲ್ಲ. ಚಕ್ರ ಮಾತ್ರ ಅದನ್ನು ಹಿಂದಿನಿಂದ ತಿರುಗಿಸುತ್ತಲೇ ಇರುತ್ತದೆ. ಬಿಚ್ಚಿದ ಬೋಲ್ಟು ಡ್ಯಾಶ್‌ಬೋರ್ಡಿನ ಮೇಲಿಡಿ, ಗದ್ದೆಯ ಬದುವಿನಲ್ಲಿ ಅಲ್ಲ.

*ಅಡ್ಕಸ್ಥಳದವರಿಗೆ:* ಮಳೆ ನಿಂತ ಮಾರನೇ ದಿನವೇ ನಡುಕ ಶುರು ಅಂದಿರಿ. ಶಾಫ್ಟಿನ ಕೊಳವೆಗೆ ಅಂಟಿಸಿದ ಸಣ್ಣ ಕಬ್ಬಿಣದ ಬಿಲ್ಲೆಗಳು ಬ್ಯಾಲೆನ್ಸಿನವು. ಅದೊಂದು ಬಿದ್ದುಹೋಗಿರಬಹುದು. ಆದರೆ ಅದಕ್ಕೆ ಮೊದಲು ಅಡಿ ತೊಳೆಯಿರಿ. ಕಳೆದ ವರ್ಷ ಇದೇ ದೂರು ತಂದ ಒಂದು ಗಾಡಿಯ ಶಾಫ್ಟಿಗೆ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿತ್ತು, ಅದರ ಮೇಲೆ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಚೂರಿಯಲ್ಲಿ ಕೊಯ್ದು ತೆಗೆದೆ, ಬಿಲ್ಲು ಒಂದು ಚಾ. ತೊಳೆದರೂ ನಡುಗಿದರೆ ಯಾವ ವೇಗದಲ್ಲಿ, ಖಾಲಿಯಲ್ಲೋ ಲೋಡಿನಲ್ಲೋ, ಕ್ಲಚ್ ತುಳಿದರೆ ಏನಾಗುತ್ತದೆ, ಇಷ್ಟು ಬರೆದು ಕಳಿಸಿ. ಏನೇನು ಬದಲಾಯಿಸಿದಿರಿ ಅನ್ನುವುದನ್ನು ಕಂಸದೊಳಗೆ ಹಾಕಬೇಡಿ.